ವರ್ಷಕ್ಕೊಂದು ಕಾಳು

ಇನ್ನೂರೈವತ್ತು ಕೋಟಿ ವರ್ಷ ಎಂದು ಬರೆದೆ.
ಸೊನ್ನೆಗಳು ಹಲಗೆಯ ಅಂಚಿಗೆ ಹೋಗಿ ನಿಂತವು.
ಸಂಗನಕಲ್ಲಿನ ಏಳನೇ ಕ್ಲಾಸು
ತಲೆ ಬಗ್ಗಿಸಿ ಸೊನ್ನೆಗಳನ್ನು ಇಳಿಸಿಕೊಂಡಿತು.
ಕಿಟಕಿಯಾಚೆ ಗುಡ್ಡ,
ತನ್ನ ವಯಸ್ಸಿನ ಮಾತು ನಡೆದಿದೆಯೆಂಬ ಪರಿವೆಯಿಲ್ಲದೆ
ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು.

ಗಾದಿಲಿಂಗಮ್ಮ ಮಾತ್ರ ಬರೆಯಲಿಲ್ಲ.
"ಅಷ್ಟು ಅಂದ್ರ ಎಷ್ಟು, ಟೀಚರ್?"

ಮರುದಿನ ಡಬ್ಬಿಯಲ್ಲಿ ಬಿಳಿಜೋಳ ಒಯ್ದೆ.
ವರ್ಷಕ್ಕೊಂದು ಕಾಳು, ಅಂದೆ.
ಇದು ನೀನು, ಹನ್ನೆರಡು ಕಾಳು,
ಅಂಗೈಯ ಗೆರೆಯಲ್ಲೇ ಅಡಗಿಬಿಟ್ಟೆ.
ಇದು ನಿಮ್ಮಜ್ಜಿ, ಒಂದು ಚಿಟಿಕೆ.
ಹಂಪಿಯಲ್ಲಿ ಅರಸರಿದ್ದದ್ದು ಅರ್ಧ ಹಿಡಿಯ ಹಿಂದೆ.
ಈ ಗುಡ್ಡದ ಮೇಲೆ ಕಲ್ಲುಜ್ಜಿ ಕೊಡಲಿ ಮಾಡಿದವರು,
ಗೂಳಿಗಳ ಕೆತ್ತಿದವರು,
ಬಂಡೆ ಬಡಿದು ಗಂಟೆಯ ಹಾಗೆ ನುಡಿಸಿದವರು
ಎಲ್ಲ ಸೇರಿ ಒಂದು ಬೊಗಸೆ.
ಗುಡ್ಡ?
ನೂರು ಕಿಲೋದ ಚೀಲ, ಏಳುನೂರೈವತ್ತು.

ಆಗ ಕ್ಲಾಸಿಗೆ ಕ್ಲಾಸೇ
ಕಿಟಕಿಯ ಕಡೆ ತಿರುಗಿತು.

ಮೂರನೆಯ ದಿನ ಸುಂಕಪ್ಪ ಬಂದ.
ಬಳ್ಳಾರಿ ಎಪಿಎಂಸಿಯ ಹಮಾಲಿ, ಸೊಂಟದಲ್ಲಿ ಕೊಕ್ಕೆ,
ಚಪ್ಪಲಿ ಹೊರಗೇ ಬಿಟ್ಟು ಬಾಗಿಲಲ್ಲಿ ನಿಂತ.
ಮಗಳ ಮೇಲೇನೋ ದೂರು ಎಂದುಕೊಂಡೆ.
"ನಿಮ್ ಲೆಕ್ಕ ತಪ್ಪೈತ್ರಿ, ಅಮ್ಮಾ.
ಅಕ್ಕಸಾಲಿ ಮೌನಾಚಾರಿ ತಕ್ಕಡಿ ಇಸಗೊಂಡು
ರಾತ್ರಿ ಕುಂತು ತೂಗೀವಿ.
ತೊಲಕ್ಕ ನಾನೂರಾ ಮೂವತ್ತು ಕಾಳು.
ನಾನೊಂದ್ಸಲ ಎಣಿಸೀನಿ, ಈಕಿ ಎರಡು ಸಲ.
ಈ ವರ್ಷದ ಜೋಳ ಸಣ್ಣದು.
ನಿಮ್ ಗುಡ್ಡ ಆರುನೂರೆಂಬತ್ತು ಚೀಲ, ಅಷ್ಟ."

ಒರೆಸಿದೆ. ಅವನು ಹೇಳಿದ್ದನ್ನು ಬರೆದೆ.
ನಾನು ಓದಿದ ಮೂರು ವರ್ಷದ ಬಿ.ಎಸ್ಸಿ.ಯಲ್ಲಿ
ನನ್ನ ಗುಡ್ಡವನ್ನು ಯಾರೂ ತೂಗಿರಲಿಲ್ಲ,
ನಾನೂ.

ಅವನು ಹೋಗಲಿಲ್ಲ.
ತುಟಿಯಲ್ಲೇ ಏನೋ ಗುಣಿಸುತ್ತಿದ್ದ.
"ದಿನಕ್ಕ ಐವತ್ತು ಚೀಲ ಹೊರ್ತೀನಿ.
ಅಂದ್ರ ಈ ಗುಡ್ಡ
ನನ್ ಬೆನ್ನಿಗೆ ಹದಿನಾಕು ದಿನ."
ಆಮೇಲೆ ಕೇಳಿದ,
"ಎಲ್ಲಾದಕ್ಕಿಂತ ಹಳೇದು ಯಾವುದ್ರಿ?"

ಹೇಳಿದೆ. ಸೂರ್ಯನಿಗೂ ಮೊದಲು, ಚುಕ್ಕೆಗಳಿಗೂ ಮೊದಲು,
ಇದೆಲ್ಲ ಶುರುವಾಗಿ
ಸಾವಿರದ ಮುನ್ನೂರೆಂಬತ್ತು ಕೋಟಿ ವರ್ಷ.
ಗಾದಿಲಿಂಗಮ್ಮ ನೋಟುಬುಕ್ಕಿನ ಅಂಚಿನಲ್ಲಿ ಗೀಚಿದಳು.
"ಎಪ್ಪತ್ತೈದು ದಿನ, ಅಪ್ಪಾ,
ಅಮಾಸಿ ರಜಾ ಹಿಡೀಲಾರ್ದಂಗ."

"ನಾನು ಚೀಲ ಹೊರಾಕ ಹತ್ತಿ ಮೂವತ್ತು ವರ್ಷಾತು," ಅಂದ.

ಅದು ಪ್ರಶ್ನೆಯೋ ಉತ್ತರವೋ
ನನಗೆ ಇಂದಿಗೂ ತಿಳಿದಿಲ್ಲ.
ಮಕ್ಕಳು ಗುಡ್ಡ ಬಿಟ್ಟು ಅವನ ಬೆನ್ನು ನೋಡುತ್ತಿದ್ದರು.
ಯಾರೂ ಪೆನ್ಸಿಲ್ ಎತ್ತಲಿಲ್ಲ.

ಹೊರಡುವಾಗ ಬಾಗಿದ,
ನನ್ನ ಮೇಜಿನ ಕಾಲ ಹತ್ತಿರ ಉರುಳಿದ್ದ ಕಾಳೊಂದನ್ನು
ಎರಡು ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕಿದ.
"ಒಂದು ವರ್ಷ ಬಿದ್ದಿತ್ತು ನೋಡ್ರಿ."