ಇಸ್ತ್ರಿ ಮೇಜಿನ ಮೇಲೆ ಸ್ಟೀರಿಂಗು

ರೊಸಾರಿಯೋದಲ್ಲಿ ಹಗಲೆಲ್ಲ ಬಸ್ಸು ಓಡಿಸುತ್ತೇನೆ.
ರಾತ್ರಿ ಗ್ರಾಸಿಯೆಲಾ ಇಸ್ತ್ರಿ ಮುಗಿಸಿದ ಮೇಲೆ
ಅದೇ ಮೇಜಿಗೆ ಸ್ಟೀರಿಂಗು ಬಿಗಿಯುತ್ತೇನೆ;
ಮೇಜಿನ ಬಿಸಿ ಇನ್ನೂ ಮೊಣಕೈಗೆ ತಾಗುತ್ತದೆ.
ಪೆಡಲು ಜಾರದಂತೆ ಹಿಂದೊಂದು ಇಟ್ಟಿಗೆ.

ತೆರೆಯ ಮೇಲೆ ಇಪ್ಪತ್ತಾರು ಕಾರು.
ಸಂತೆಗೆ ಹೋಗಿಬರುವ ಸಂಸಾರದ ಕಾರುಗಳೇ,
ಹಿಂದಿನ ಸೀಟು ಕಿತ್ತು, ಹೊಟ್ಟೆ ನೆಲಕ್ಕಿಳಿಸಿ,
ಸಿಟ್ಟು ಬರಿಸಿದವು.

ಟೈರು ತಣ್ಣಗಿದ್ದರೆ ಮಾತು ಕೇಳುವುದಿಲ್ಲ.
ಕಾದರೂ ಬಹಳ ಹೊತ್ತು ಕೇಳುವುದಿಲ್ಲ.
ಮೂರನೇ ತಿರುವಲ್ಲಿ ಎವೆಯಿಕ್ಕುವಷ್ಟು ತಡ—
ಬಾಲ ಮೊದಲು ಹೊರಟಿತು, ಹಿಂದೆ ನಾನು,
ಹುಲ್ಲು, ಆಕಾಶ, ಎಣ್ಣೆ ಕಂಪನಿಯ ಜಾಹೀರಾತು, ಹುಲ್ಲು.
ನಲವತ್ತು ಸಲ. ಎಣಿಸಿದ್ದು ಗ್ರಾಸಿಯೆಲಾ.

ಪಕ್ಕದ ಮನೆಯ ಸಿರೋಗೆ ಹದಿಮೂರು,
ಸುತ್ತಿಗೆ ಎರಡು ಸೆಕೆಂಡು ನನಗಿಂತ ಮುಂದೆ.
‘ಕಾರಿನ ಜೊತೆ ಜಗಳಕ್ಕೆ ಇಳೀತೀರಿ ನೀವು’ ಅಂದ,
ಬಿಸ್ಕತ್ತು ಅಗಿಯುತ್ತ.

ಇಪ್ಪತ್ತೆರಡು ವರ್ಷದ ಲೈಸೆನ್ಸು ನನ್ನದು!

ನಿನ್ನೆ, ಏನು ತೋಚಿತೋ,
ದೋನ್ಯಾ ಎರ್ಮಿನಿಯಾಳನ್ನು ಹತ್ತಿಸಿಕೊಂಡೆ—
ಸೋಮವಾರದ ಬಸ್ಸಲ್ಲಿ ಸೀಟು ಕೊಟ್ಟರೂ ಕೂರದವಳು,
ಚೀಲದಲ್ಲಿ ಎರಡು ಡಜನ್ ಮೊಟ್ಟೆ.
ಗಂಟೆಗೆ ಇನ್ನೂರು ಕಿಲೋಮೀಟರು,
ಅವಳು ನನ್ನ ಬೆನ್ನಿಗೆ ಕಂಬ ಹಿಡಿದು ನಿಂತಿದ್ದಾಳೆ.
ಬ್ರೇಕಿನ ಮೇಲೆ ಕಾಲಿಟ್ಟು ಭಾರವನ್ನು
ಸ್ವಲ್ಪಸ್ವಲ್ಪವೇ ಬಿಟ್ಟೆ.
ಟೈರು ಒಮ್ಮೆ ನರಳಿ, ಒಪ್ಪಿಕೊಂಡಿತು.

ಒಂದೂವರೆ ಸೆಕೆಂಡು ಇಳಿಯಿತು.
ಸಿರೋಗಿಂತ ಇನ್ನೂ ಹಿಂದೆಯೇ, ಇರಲಿ.

ಬೆಳಿಗ್ಗೆ ಅವಳು ನಿಜವಾಗಿಯೂ ಹತ್ತಿದಳು.
ಕನ್ನಡಿಯಲ್ಲಿ ಅವಳ ಚೀಲವನ್ನೇ ನೋಡುತ್ತಿದ್ದೆ.
‘ದಾರಿ ನೋಡಪ್ಪಾ’ ಅಂದಳು.