ಝಡತಿ

ಬೆಳಿಗ್ಗೆ ಎಂಟಕ್ಕೆ ಬ್ರೌಸರ್ ತೆರೆದು
ಪಾಸ್‌ವರ್ಡ್ ಹೊಡೆದು, ಮೊಬೈಲಿಗೆ ಬಂದ ಆರಂಕಿ ತುಂಬಿದರೆ
ರಾತ್ರಿ ಸಿಕ್ಕಿಬಿದ್ದವರೆಲ್ಲ ಸಾಲಾಗಿ ಕೂತಿರುತ್ತಾರೆ.
ಇನ್ನೂರ ಹದಿನೇಳು.
ಲಾಟರಿ ಹೊಡೆದವರು, ಗಂಡ ಸತ್ತ ಶ್ರೀಮಂತೆಯರು,
ಇವತ್ತೇ ಕರೆಂಟು ಕತ್ತರಿಸುತ್ತೇವೆ ಎಂದು ಹೆದರಿಸುವವರು,
ನಮ್ಮ ಶೇಠರ ಹೆಸರಿಟ್ಟುಕೊಂಡು
ಶೇಠರಿಗೇ ಬರೆದ ಒಬ್ಬ.

ಎಡಕ್ಕೆ ಗುರುತು ಹಾಕಲು ಸಣ್ಣ ಚೌಕ.
ಮೇಲೆ ಮೂರು ಗುಂಡಿ: ಬಿಡು, ಅಳಿಸು, ಕಪ್ಪುಪಟ್ಟಿಗೆ ಸೇರಿಸು.
ಕೂಡ್ರಿಸಿ ಕೇಳು ಅನ್ನುವ ಗುಂಡಿ ಇಲ್ಲ.
ಚಹಾ ಬರುವುದರೊಳಗೆ ನೂರು ಜನರನ್ನು ಅಳಿಸಿರುತ್ತೇನೆ.
ಕಿಟಕಿಯಾಚೆ ಲೂಮುಗಳ ಟಕಾಟಕ್,
ಒದ್ದೆ ಟವೆಲ್ಲುಗಳ ಬ್ಲೀಚಿನ ವಾಸನೆ.

ನಮ್ಮಪ್ಪನೂ ಇದೇ ಕೆಲಸ ಮಾಡಿದವ, ಇದೇ ಸೊಲ್ಲಾಪುರದಲ್ಲಿ,
ಈಗ ಮದುವೆ ಹಾಲ್ ಆಗಿರುವ ಮಿಲ್ಲಿನ ಗೇಟಿನಲ್ಲಿ.
ಭೋಂಗಾ ಊದಿದ ಮೇಲೆ ಹೊರಬೀಳುವ ಎಂಟುನೂರು ಮೈ.
ಗಂಡಸರದು ಧೋತರದ ಗಂಟು, ಟೊಪ್ಪಿಗೆಯ ಒಳಮಡಿಕೆ,
ಹೆಂಗಸರದು ಬರೀ ಚೀಲ, ಬುತ್ತಿಡಬ್ಬಿಯ ತಳ.
ಝಡತಿ ಅನ್ನುತ್ತಿದ್ದರು ಅದಕ್ಕೆ.
‘ಕೈ ನೋಡಬ್ಯಾಡ, ಮಾರಿ ನೋಡು.
ಕಳ್ಳ ಇದ್ದಾವ ಮೊದಲ ನಗ್ತಾನ’
ಅನ್ನುತ್ತಿದ್ದ ಅಪ್ಪ, ಸೀರಣಿಗೆಯಿಂದ ತಲೆ ಬಾಚುತ್ತ.

ನನ್ನ ಗೇಟಿಗೆ ಮಾರಿ ಕಾಣುವುದಿಲ್ಲ.
ಅದು ಅಂಕ ಕೊಡುತ್ತದೆ. ಐದು ದಾಟಿದರೆ ತಡೆ.
ಅವಸರ ಮಾಡಿದರೆ ಒಂದೂವರೆ,
ಹೆಸರೊಂದು ವಿಳಾಸವೊಂದು ಆದರೆ ಎರಡು,
ಗೊತ್ತಿಲ್ಲದ ಲಿಪಿಗೆ ಎರಡೂವರೆ.
ಯಾರು ಬರೆದಿಟ್ಟ ನಿಯಮವೋ,
ನಾನು ಸೇರುವ ಮುಂಚಿನಿಂದ ಇದೆ.

ಸೋಮವಾರ ಸಾಲಿನ ಕೊನೆಗೊಂದು, ಅಂಕ ಸರಿಯಾಗಿ ಆರು.
ಕನ್ನಡದಲ್ಲಿ: ಅರ್ಜೆಂಟ್. ನನ್ನ ಮೂರು ತಿಂಗಳ ಪಗಾರ.
ಬಣ್ಣದ ಖಾತೆಯ ಮಲ್ಲಪ್ಪ ಹತ್ತೂರೆ,
ಕುದಿಯುವ ತೊಟ್ಟಿಯ ಹತ್ತಿರ ಕೈ ಸುಟ್ಟುಕೊಂಡವ,
ಅಕ್ಕಲಕೋಟದ ಝೆರಾಕ್ಸ್ ಅಂಗಡಿಯವನ ವಿಳಾಸದಿಂದ
ಯಾರ ಕೈಲೋ ಟೈಪು ಮಾಡಿಸಿ ಕಳಿಸಿದ್ದು.
ಅವಸರ ನಿಜ. ಹೆಸರು ನಿಜ. ಲಿಪಿಯಂತೂ
ನಾನು ಪಾಟಿಯ ಮೇಲೆ ತಿದ್ದಿದ್ದು.

ಅದೇ ರಾತ್ರಿ ಇನ್ನೊಂದು ಒಳಗೆ ಹೋಗಿತ್ತು, ಅಂಕ ಸೊನ್ನೆ.
ಶುದ್ಧ ಇಂಗ್ಲಿಷು, ಕೆಳಗೆ ನೀಟಾದ ಸಹಿ,
ತಾವು ಕ್ಷೇಮವೆಂದು ನಂಬಿದ್ದೇವೆ ಎಂದು ಶುರು.
ನೂಲು ಕಳಿಸುವ ಕೊಯಮತ್ತೂರಿನವರ ಬ್ಯಾಂಕ್ ಖಾತೆ ಬದಲಾಗಿದೆಯಂತೆ.
ವಿಳಾಸದಲ್ಲಿ ಒಂದು ಅಕ್ಷರದ ಜಾಗಕ್ಕೆ
ಅದರಂತೆಯೇ ನಿಂತ ಒಂದು ಅಂಕಿ.
ಅಕೌಂಟ್ಸಿನ ಕಾರಂಜಕರ ಮಧ್ಯಾಹ್ನದೊಳಗೆ
ಹನ್ನೊಂದು ಲಕ್ಷ ಎಪ್ಪತ್ತು ಸಾವಿರ ಹಾಕಿ ಊಟಕ್ಕೆ ಹೋದರು.
ನಗುತ್ತಲೇ ಹೋಗಿತ್ತು, ಅಪ್ಪಾ. ನಾನು ನೋಡಲಿಲ್ಲ.

ಒಮ್ಮೆ ನರಸಮ್ಮ ಯೆಮುಲಳ ಡಬ್ಬಿಯಲ್ಲಿ
ಕಟಿರೊಟ್ಟಿಯ ಕೆಳಗೆ ಒಂದು ಮುಷ್ಟಿ ಕೆಂಪು ನೂಲು.
ಅಪ್ಪ ಮುಚ್ಚಳ ಮುಚ್ಚಿ, ವಹಿಯಲ್ಲಿ
‘ಏನೂ ಸಿಗಲಿಲ್ಲ’ ಎಂದು ಬರೆದ.
ಮರುವಾರ ಎರಡು ಬಾಬಿನ್ ಕದ್ದ ಹುಡುಗನನ್ನು ಹಿಡಿದುಕೊಟ್ಟ.
ಯಾಕೆ ಅವಳನ್ನು ಬಿಟ್ಟಿ, ಇವನನ್ನು ಹಿಡಿದಿ?
ಕೇಳಿದರೆ, ‘ಅವತ್ತು ಸಾಹೇಬ ಬಾಜೂಕ ನಿಂತಿದ್ದ’ ಅಂದ, ಅಷ್ಟೇ.

ನನ್ನ ಬಾಜೂಕ ಯಾವಾಗಲೂ ನಿಂತಿರುತ್ತದೆ.
ಯಾರು ಬಿಟ್ಟರು, ಎಷ್ಟು ಗಂಟೆಗೆ, ಯಾವ ಯಂತ್ರದಿಂದ
ಎಲ್ಲ ಬರೆದಿಡುತ್ತದೆ, ಸೆಕೆಂಡಿನ ಸಮೇತ.
ಮಲ್ಲಪ್ಪನದಕ್ಕೆ ಗುರುತು ಹಾಕಿ ಬಿಡು ಒತ್ತಿದೆ.
ಆಮೇಲೆ ನಿಯಮಗಳ ಪುಟಕ್ಕೆ ಹೋಗಿ
ಎರಡೂವರೆಯನ್ನು ಸೊನ್ನೆ ಮಾಡಿದೆ.
ಖಚಿತವೇ ಎಂದು ಕೇಳಿತು.
ಹೌದು ಅಂದೆ.

ಮರುದಿನ ಸಿಬ್ಬಂದಿಯ ಡಬ್ಬಿಗಳಿಗೆಲ್ಲ ಕನ್ನಡದ ಪತ್ರ, ನಲವತ್ತು.
ಮೂವತ್ತೊಂಬತ್ತು ಲಾಟರಿ. ಕಾಗುಣಿತ ತಪ್ಪಿರಲಿಲ್ಲ.
ಮಹನೀಯರೇ, ತಾವು ಭಾಗ್ಯವಂತರು!
ನಲವತ್ತನೆಯದು ಝೆರಾಕ್ಸ್ ಅಂಗಡಿಯದು:
ಮೊನ್ನಿ ಬರದದ್ದು ಮುಟ್ಯಾದೇನ್ರೀ?

ಪರದೆಯ ಮೇಲೆ ನೋಡಿದೆ.
ತಲುಪಿದೆ ಎಂದಿತ್ತು, ಹಸಿರು ಅಕ್ಷರದಲ್ಲಿ.
ತೆರೆದು ಓದಿದರೋ ಇಲ್ಲವೋ
ಗೇಟಿಗೆ ಗೊತ್ತಾಗುವುದಿಲ್ಲ.
ಎದ್ದೆ. ಪಗಾರದ ಖಾತೆ ಎರಡನೇ ಮಹಡಿಯಲ್ಲಿದೆ.