ಕಿವಿಗಲ್ಲು

ಕಾರವಾರದ ಮೀನುಪೇಟೆಯಲ್ಲಿ ತಲೆ ಮಾತ್ರ ಕೊಳ್ಳುವವಳು ನಾನು.
ಬಂಗಡೆಯದು, ತಾರ್ಲೆಯದು, ಸಿಕ್ಕಿದರೆ ನೋಗಲಿಯದು.
ಮೊದಲ ದಿನ ದುರ್ಗಿ ಹರಿಕಂತ್ರ ನನ್ನ ಬಣ್ಣ ನೋಡಿ, ಕೂದಲು ನೋಡಿ,
ಬೆರಳೆತ್ತಿ 'ಹಂಡ್ರೆಡ್ ಮೇಡಂ, ಹಂಡ್ರೆಡ್' ಅಂದಳು.
ಕೊಂಕಣಿಯಲ್ಲಿ ಚೌಕಾಶಿಗಿಳಿದೆ.
ಅವಳ ಕತ್ತಿ ಅರ್ಧಕ್ಕೇ ನಿಂತಿತು.
'ಯಾವ ದೇಶದವಳೇ ನೀನು?'
'ಯಲ್ಲಾಪುರ.'
'ಅದಲ್ಲ, ಅದಕ್ಕೂ ಮುಂಚೆ?'
'ಅದಕ್ಕೂ ಮುಂಚೆ ಹಳಿಯಾಳ.'
ಸಾಲಿನ ಬುಟ್ಟಿಯವರೆಲ್ಲ ನಕ್ಕರು. ತಲೆಗಳು ಪುಕ್ಕಟೆ ಬಂದವು.

ಕೋಡಿಬಾಗದ ಪ್ರಯೋಗಾಲಯದಲ್ಲಿ
ಚಿಮಟದ ತುದಿಯಿಂದ ಬುರುಡೆ ಬಿಡಿಸಿ
ಮಿದುಳಿನ ಕೆಳಗಿನ ಎರಡು ಗೂಡು ಹುಡುಕುತ್ತೇನೆ.
ಅಲ್ಲಿರುತ್ತದೆ ಕಿವಿಗಲ್ಲು:
ಬದುಕಿದ್ದಷ್ಟು ದಿನ ದಿನಕ್ಕೊಂದು ಪದರ
ಮೀನು ತನ್ನೊಳಗೇ ಬಳಿದುಕೊಂಡ ಸುಣ್ಣ.

ಈ ವಾರ ಮೇಜಿನ ಮೇಲಿರುವುದು ನಮ್ಮ ಕಡಲಿನದಲ್ಲ.
ಕೇಪ್ ಟೌನಿನಿಂದ ಥೆಂಬೆಕಾ ಕಳಿಸಿದ ಡಬ್ಬಿ;
ಹತ್ತಿಯಲ್ಲಿ ಸುತ್ತಿದ ಹೇಕ್ ಮೀನಿನ ಕಲ್ಲು
ಸೌತೆಬೀಜದಷ್ಟು ಉದ್ದ, ಅಷ್ಟೇ ಬಿಳಿ.
ಅಲ್ಲಿಯ ನೀರು ಬಾವಿಯ ತಳದ ಹಾಗೆ ಕೊರೆಯುತ್ತದಂತೆ.
ಚಳಿಯಲ್ಲಿ ಮೀನು ನಿಧಾನ ಬೆಳೆಯುತ್ತದೆ,
ಗೆರೆಗಳು ಒತ್ತೊತ್ತು,
ಕಾಗದ ಉಳಿಸಲೆಂದು ಬರೆದ ಕೈಬರಹ.

ಥೆಂಬೆಕಾ ಬರೆಯುತ್ತಾಳೆ:
ಹಡಗಿನಲ್ಲಿ ಇಪ್ಪತ್ತೆರಡು ಜನ, ನನ್ನ ಹಾಗಿನವಳು ನಾನೊಬ್ಬಳೇ,
ಜೀವರಕ್ಷಕ ಅಂಗಿಯ ಟೋಪಿ
ನಮ್ಮ ಕೂದಲನ್ನು ನೆನೆದು ಹೊಲಿದದ್ದಲ್ಲ.
ನಾನು ಬರೆಯುತ್ತೇನೆ:
ಇಲ್ಲಿಯ ಟೋಪಿಯೂ ಅಷ್ಟೇ. ಎರಡು ಪಿನ್ನು ಸಾಕಾಗುವುದಿಲ್ಲ, ನಾಲ್ಕು ಬೇಕು.
ವಾರ್ಷಿಕ ಸಮ್ಮೇಳನಕ್ಕೆ ದಮಾಮಿ ಕುಣಿತ ಮಾಡಿಸು ಅಂದರು;
ಬಂಗಡೆಯ ವಯಸ್ಸಿನ ಮೇಲೆ ಪೋಸ್ಟರು ಹಚ್ಚಿದೆ.
ಫೋಟೊ ತೆಗೆದರು, ನನ್ನದು. ಪೋಸ್ಟರಿನದಲ್ಲ.

ನಮ್ಮಲ್ಲೂ ತಣ್ಣೀರು ಬರುತ್ತದೆ, ಶ್ರಾವಣದ ಸುಮಾರಿಗೆ,
ತಳದ ನೀರು ಸದ್ದಿಲ್ಲದೆ ಮೇಲೆದ್ದು ದಂಡೆಗೆ ತಾಗುತ್ತದೆ.
ದುರ್ಗಿಯ ಗಂಡನ ಬೆರಳಿಗೆ ಬಲೆ ಎಳೆವಾಗಲೇ ತಿಳಿಯುತ್ತದೆ.
ನನ್ನ ಥರ್ಮಾಮೀಟರು ಎರಡು ದಿನ ತಡ.

ಕಲ್ಲಿನ ನಟ್ಟನಡುವಿನ ಚುಕ್ಕೆ
ಹುಟ್ಟಿದ ನೀರಿನ ರುಚಿ ಹಿಡಿದಿಟ್ಟಿರುತ್ತದೆ.
ಸ್ಟ್ರಾನ್ಶಿಯಂ ಇಷ್ಟು, ಬೇರಿಯಂ ಇಷ್ಟು,
ಇಂಥ ಮೂಲೆಯಲ್ಲಿ ಮೊಟ್ಟೆಯೊಡೆಯಿತು ಅಂತ ಯಂತ್ರ ಹೇಳುತ್ತದೆ.
ಯಂತ್ರ ಇರುವುದು ಗೋವೆಯಲ್ಲಿ. ನನ್ನ ಸರದಿ ಮಾರ್ಚಿಗೆ.
ನಮ್ಮವರನ್ನು ಮಾರಿದ್ದೂ ಗೋವೆಯಲ್ಲೇ,
ಆಗ ಸರದಿ ಬೇಗ ಬರುತ್ತಿತ್ತು.

ಅವ್ವನನ್ನು ಒಮ್ಮೆ ಬೈತಖೋಲಕ್ಕೆ ಕರೆತಂದೆ.
ಕಡಲು ನೋಡಿದ್ದು ಅದೇ ಮೊದಲು.
ಚಪ್ಪಲಿ ಬಿಚ್ಚಲಿಲ್ಲ, ನೀರಿಗಿಳಿಯಲಿಲ್ಲ,
ಸೆರಗಿನಲ್ಲಿ ಶೇಂಗಾ ಇಟ್ಟುಕೊಂಡು ದೂರ ಕೂತಳು.
'ಅಜ್ಜಿಯ ಅಜ್ಜಿ ಇದರ ಮೇಲೇ ಬಂದದ್ದಲ್ಲವಾ' ಅಂದೆ.
'ಹಡಗಿನ ಹೊಟ್ಟೆಯೊಳಗೆ ಬಂದವರಿಗೆ
ಸಮುದ್ರ ಎಲ್ಲಿ ಕಂಡಿತ್ತು, ಪಾವ್ಲಿನಾ,' ಅಂದಳು,
ಸಿಪ್ಪೆ ಸುಲಿಯುತ್ತ.

ಮನುಷ್ಯರ ಕಿವಿಯೊಳಗೂ ಸುಣ್ಣದ ಹರಳಿದೆ, ಧೂಳಿನಷ್ಟು.
ಅದರಲ್ಲಿ ಗೆರೆ ಇಲ್ಲ, ವರ್ಷ ಇಲ್ಲ, ಊರಿಲ್ಲ.
ನಿಂತವರು ಬೀಳದ ಹಾಗೆ ನೋಡಿಕೊಳ್ಳುವುದು,
ಅಷ್ಟೇ ಅದರ ಕೆಲಸ.

ನಿನ್ನೆ ರಾತ್ರಿ ಕರೆಂಟು ಹೋಗಿ ಫ್ರೀಜರು ಅಳತೊಡಗಿತು.
ಜನರೇಟರಿಗೆ ಡೀಸೆಲ್ ಇರಲಿಲ್ಲ.
ಮಾದರಿಗಳನ್ನೆಲ್ಲ ಎರಡು ಥರ್ಮೊಕೋಲ್ ಪೆಟ್ಟಿಗೆಗೆ ತುಂಬಿ
ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು
ಪೇಟೆಯ ಬಾಗಿಲು ತಟ್ಟಿದೆ.
ದುರ್ಗಿ ನಿದ್ದೆಗಣ್ಣಲ್ಲೇ ಎದ್ದು
ಇಸ್ವಾಣದ ಮಂಜುಗಡ್ಡೆ ಸರಿಸಿ ಜಾಗ ಮಾಡಿದಳು.
'ಏನಿದು?'
'ಹೇಕ್. ಚಳಿಯ ಕಡಲಿನದು.'
ಮುಚ್ಚಳ ತೆಗೆದು ಮೂಸಿದಳು, ಒಮ್ಮೆ, ಮತ್ತೊಮ್ಮೆ.
'ಇದಕ್ಕೆ ಹುಳಿ ಜಾಸ್ತಿ ಬೇಕು,' ಅಂದಳು.